ಐದನೇದು ಕಟ್ಟೈತ್ರಿ

ಆ ವರ್ಷ ಹರಪನಹಳ್ಳಿಯಲ್ಲಿ ಯಾರಾದರೂ ನನ್ನ ಕೆಲಸ ಏನೆಂದು ಕೇಳಿದರೆ ಕುರಿ ಕಾಯುವುದು ಎಂದೇ ಹೇಳುತ್ತಿದ್ದೆ. ಫಾರ್ಮಸಿ ಓದಿದವಳು ಹೀಗೆನ್ನುವಾಗ ಓಣಿಯ ಹೆಂಗಸರು ನಗಬೇಕೋ ಅಯ್ಯೋ ಅನ್ನಬೇಕೋ ತಿಳಿಯದೆ ಅವ್ವನ ಮುಖ ನೋಡುತ್ತಿದ್ದರು. ಅವ್ವ, ಬರೀ ಕಾಯೋದಲ್ಲ, ಸೂಜಿಯನ್ನೂ ಚುಚ್ಚುತ್ತಾಳೆ ಎಂದು ಸೇರಿಸಿ ವಿಷಯವನ್ನು ಇನ್ನಷ್ಟು ಗೋಜಲು ಮಾಡುತ್ತಿದ್ದಳು.

ಸಂಗತಿ ಇಷ್ಟು. ಕ್ಯಾನ್ಸರ್ ರೋಗಿಗಳಿಗೆ ತಿಂಗಳುಗಟ್ಟಲೆ ಔಷಧಿಯನ್ನು ರಕ್ತನಾಳಕ್ಕೆ ಬಿಡಬೇಕಾಗುತ್ತದೆ. ಪ್ರತಿ ಸಲ ಕೈಯಲ್ಲಿ ನರ ಹುಡುಕಿ ಚುಚ್ಚಿದರೆ ನಾಲ್ಕಾರು ಸಲಕ್ಕೇ ಅದು ಗಟ್ಟಿಯಾಗಿ ಕೈಕೊಡುತ್ತದೆ. ಅದಕ್ಕೆ ಚರ್ಮದ ಕೆಳಗೆ ಒಂದು ಪುಟ್ಟ ಡಬ್ಬಿ ಕೂರಿಸುತ್ತಾರೆ, ಕೋಟಿನ ಗುಂಡಿಗಿಂತ ತುಸು ದೊಡ್ಡದು. ಅದರ ಮುಚ್ಚಳ ಸೂಜಿ ಇಳಿಯುವಂಥ ಮೆತ್ತನೆಯ ಪದರ. ಬುಡದಿಂದ ಹೊರಟ ತೆಳು ಕೊಳವೆ ಕುತ್ತಿಗೆಯ ದೊಡ್ಡ ರಕ್ತನಾಳದೊಳಗೆ ಇಳಿದು ಹೃದಯದ ಹತ್ತಿರ ನಿಲ್ಲುತ್ತದೆ. ಇದಕ್ಕೆ ಪೋರ್ಟ್ ಎನ್ನುತ್ತಾರೆ. ಒಂದು ಸಣ್ಣ ಕಂಪನಿ ಹೊಸ ಬಗೆಯ ಪೋರ್ಟ್ ತಯಾರಿಸಿತ್ತು, ಮನುಷ್ಯರಿಗೆ ಹಾಕುವ ಮೊದಲು ಪ್ರಾಣಿಗಳಲ್ಲಿ ನೋಡಬೇಕಿತ್ತು. ಕುರಿಯ ಕುತ್ತಿಗೆಯ ರಕ್ತನಾಳ ಇದಕ್ಕೆ ಹೊಂದುವ ಅಳತೆಯದು, ಕುರಿಗೆ ತಾಳ್ಮೆಯೂ ಹೆಚ್ಚು. ಹಾಗಾಗಿ ಪ್ರಾಣಿ ಪ್ರಯೋಗದ ಸಮಿತಿಯ ಒಪ್ಪಿಗೆ ಪಡೆದು, ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ದಾರಿಯಲ್ಲಿ ಹಿಂದೆ ರೇಷ್ಮೆಹುಳು ಸಾಕುತ್ತಿದ್ದ ಶೆಡ್ಡೊಂದನ್ನು ತೊಳೆದು, ಸುಣ್ಣ ಬಳಿದು, ಒಂದು ಕೋಣೆಗೆ ಟೈಲ್ಸ್ ಹಾಕಿಸಿ, ಎಂಟು ಹೆಣ್ಣು ಕುರಿಗಳನ್ನು ತಂದೆವು. ಪರೀಕ್ಷೆಯ ಉಸ್ತುವಾರಿ ನನ್ನದು. ನಾನು ಸ್ವತಂತ್ರವಾಗಿ ನಡೆಸಿದ ಮೊದಲ ಪರೀಕ್ಷೆ ಅದು, ಜಂಬ ಬೇಕಾದಷ್ಟಿತ್ತು. ಕುರಿಗಳ ಬಗ್ಗೆ ಗೊತ್ತಿದ್ದದ್ದು ಮಾತ್ರ ಪುಸ್ತಕದಷ್ಟೇ.

ಪೋರ್ಟ್ ಕೂರಿಸುವವರು ಹಡಗಲಿಯ ಪಶುವೈದ್ಯರೊಬ್ಬರು, ಸರ್ಕಾರಿ ಸೇವೆಯಿಂದ ನಿವೃತ್ತರಾದವರು. ಮನೆಯಾಕೆಗೆಂದು ಕೊಂಡ ಮಲ್ಲಿಗೆ ದಂಡೆಯನ್ನು ಬೈಕಿನ ಚೀಲದಲ್ಲೇ ಮರೆತು ಬರುವುದು ಅವರ ವಾಡಿಕೆ. ನಮ್ಮ ಶೆಡ್ಡಿನಲ್ಲಿ ಸ್ಪಿರಿಟ್, ಹಿಕ್ಕೆ, ಮಲ್ಲಿಗೆ ಮೂರೂ ಒಟ್ಟಿಗೆ ನಾರುತ್ತಿದ್ದವು. ಕುರಿಗಳನ್ನು ನೋಡಿಕೊಳ್ಳಲು ಅಲ್ಲೇ ಉಳಿಯುತ್ತಿದ್ದವರು ಕೂಡ್ಲಿಗಿ ಕಡೆಯ ಕುರಿಗಾರರೊಬ್ಬರು. ನನಗಿಂತ ದೊಡ್ಡವರಾದ್ದರಿಂದ ನಾನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ಮೇಡಮ್ಮಾರ ಎನ್ನುತ್ತಿದ್ದರು. ಇನ್ನೊಬ್ಬರು ಬೆಂಗಳೂರಿನ ಇಂಜಿನಿಯರ್, ಪೋರ್ಟನ್ನು ರೂಪಿಸಿದವರು. ಅವರು ಬರುತ್ತಿದ್ದದ್ದು ಕಡಿಮೆ, ಫೋನ್ ಮಾಡುತ್ತಿದ್ದದ್ದು ಹೆಚ್ಚು.

ಮೊದಲ ದಿನವೇ ಅಣ್ಣನಿಗೆ ಎಲ್ಲವನ್ನೂ ಹೇಳಿದೆ, ಕೊನೆಯನ್ನೂ ಸೇರಿಸಿ. ಪರೀಕ್ಷೆ ಮುಗಿದ ಮೇಲೆ ಕುರಿಗಳಿಗೆ ಹೆಚ್ಚಿನ ಅರಿವಳಿಕೆ ಕೊಟ್ಟು ನೋವಿಲ್ಲದೆ ಮುಗಿಸಿ, ರಕ್ತನಾಳವನ್ನು ತೆರೆದು ಒಳಗೆ ಏನಾಗಿದೆ ಎಂದು ನೋಡಬೇಕು. ಅವರು ಕುರಿ ಸಾಕಿದವರು, ಕುರಿಯ ಕೊನೆ ಅವರಿಗೆ ಹೊಸದಲ್ಲ. ಆಗಲಿ ಎಂದರು. ಆಮೇಲೆ ಕೆಲಸ ವಿವರಿಸಿದೆ. ಕೊಳವೆಯೊಳಗೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುವುದೇ ನಮ್ಮ ದೊಡ್ಡ ಭಯ. ಅದಕ್ಕೇ ಪೋರ್ಟನ್ನು ಉಪ್ಪುನೀರಿನಿಂದ ತೊಳೆದು, ಕೊನೆಗೆ ಹೆಪ್ಪು ತಡೆಯುವ ಔಷಧಿ ತುಂಬಿಡುವುದು. ನಾನು ಬರದ ದಿನ ಆ ತೊಳೆಯುವ ಕೆಲಸ ಅವರದ್ದು. ಎಲ್ಲ ಕಲಿಸಿ ಹೊರಡುವಾಗ ಬಾಗಿಲಲ್ಲಿ ನಿಂತು ಒತ್ತಿ ಹೇಳಿದೆ.

"ಅಣ್ಣ, ಯಾವುದು ಕಟ್ಟಿದ್ರೂ ಸರಿ, ನಂಗೆ ಆಗಿಂದಾಗ್ಲೇ ಫೋನ್ ಮಾಡ್ರಿ."

ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ಏನೋ ಕೇಳಬೇಕೆಂದುಕೊಂಡು ಬಿಟ್ಟಂತಿತ್ತು. ಆಮೇಲೆ ಮಾಡ್ತೀನ್ರಿ ಎಂದು ತಲೆಯಾಡಿಸಿದರು.

ಶುರುವಿನಲ್ಲಿ ನಮ್ಮನ್ನು ಕಾಡಿದ್ದು ಹೆಪ್ಪಲ್ಲ, ಗೋದಲಿ. ಕಬ್ಬಿಣದ ಸರಳುಗಳ ನಡುವೆ ತಲೆ ತೂರಿಸಿ ಮೇಯುವಾಗ ಕುರಿಗಳು ಹೊಲಿಗೆಯ ನವೆಗೆ ಕುತ್ತಿಗೆಯನ್ನು ಸರಳಿಗೆ ಉಜ್ಜುತ್ತಿದ್ದವು. ಒಂದು ದಿನ ಎರಡನೆಯ ಕುರಿಗೆ ಸೂಜಿ ಇಳಿಸಿದರೆ ಮೆತ್ತನೆಯ ಪದರ ಸಿಗುವ ಬದಲು ಟಕ್ಕೆಂದಿತು. ಡಬ್ಬಿ ಚರ್ಮದೊಳಗೇ ಮಗುಚಿ ಬಿದ್ದಿತ್ತು. ವೈದ್ಯರು ಮತ್ತೆ ಬಿಡಿಸಿ, ನೆಟ್ಟಗೆ ಮಾಡಿ, ಈ ಸಲ ಕೆಳಗಿನ ಸ್ನಾಯುವಿಗೆ ಸೇರಿಸಿ ಬಿಗಿಯಾಗಿ ಹೊಲಿದರು. ಅಣ್ಣ ಸರಳುಗಳನ್ನು ಕಿತ್ತು, ಮೇವನ್ನು ನೆಲದ ಮೇಲಿನ ಅಗಲ ಬುಟ್ಟಿಗಳಿಗೆ ಹಾಕಿದರು. ಮಗುಚುವುದು ನಿಂತಿತು.

ಎರಡನೆಯ ತೊಂದರೆ ಇನ್ನೂ ವಿಚಿತ್ರ. ಉಪ್ಪುನೀರು ಸಲೀಸಾಗಿ ಒಳಗೆ ಹೋಗುತ್ತಿತ್ತು, ಆದರೆ ಸಿರಿಂಜ್ ಹಿಂದಕ್ಕೆಳೆದರೆ ರಕ್ತ ಬರುತ್ತಿರಲಿಲ್ಲ. ರಕ್ತ ಬರದಿದ್ದರೆ ಕೊಳವೆಯ ತುದಿ ಸರಿಯಾದ ಜಾಗದಲ್ಲಿದೆ ಎಂದು ನಂಬುವುದು ಹೇಗೆ? ಜೋರಾಗಿ ಒತ್ತುವಂತಿಲ್ಲ. ಸಣ್ಣ ಸಿರಿಂಜ್ ಬಳಸಿದರೆ ಒತ್ತಡ ಹೆಚ್ಚಾಗಿ ಕೊಳವೆಯೇ ಒಡೆಯಬಹುದು. ದೊಡ್ಡದರಲ್ಲಿ ನಿಧಾನವಾಗಿ ಒತ್ತಿ, ಎಳೆದು, ಮತ್ತೆ ಒತ್ತಿ ನನ್ನ ಹೆಬ್ಬೆರಳಿಗೆ ಬೊಬ್ಬೆ ಬಂತು. 

ದಾರಿ ತೋರಿಸಿದ್ದು ಐದನೆಯ ಕುರಿ. ಕುರಿಗಳಿಗೆ ಹೆಸರಿಡಬಾರದು, ಕಿವಿಯ ಓಲೆಯ ಸಂಖ್ಯೆ ಮಾತ್ರ ಹೇಳಬೇಕು ಎಂದು ನಾನೇ ಮಾಡಿದ ನಿಯಮವಿತ್ತು. ಆದರೆ ಇದು ಮೇವಿಗೆ ಎಲ್ಲರಿಗಿಂತ ಮುಂದೆ ನುಗ್ಗಿ, ಚೆನ್ನಾಗಿರುವ ಎಲೆಯನ್ನಷ್ಟೇ ಆರಿಸಿ ತಿಂದು, ಉಳಿದದ್ದನ್ನು ತುಳಿದು ಹೋಗುತ್ತಿತ್ತು. ಅಣ್ಣ ಅದನ್ನು ಸಾವ್ಕಾರ್ತಿ ಎನ್ನುತ್ತಿದ್ದರು, ಎರಡು ವಾರದಲ್ಲಿ ನಾನೂ ಹಾಗೇ ಅನ್ನುತ್ತಿದ್ದೆ. ಅವತ್ತು ಅಣ್ಣ ಎಂದಿನಂತೆ ಅದರ ಗದ್ದ ಎತ್ತಿ ಹಿಡಿದಿದ್ದರು, ನಾನು ಎಂದಿನಂತೆ ಎಳೆಯುತ್ತಿದ್ದೆ, ಏನೂ ಬರುತ್ತಿರಲಿಲ್ಲ. ಮೇವು ತಂದವನೊಬ್ಬ ಹೊತ್ತೊಯ್ಯುತ್ತಿದ್ದ ಶೇಂಗಾ ಹೊಟ್ಟಿನ, ಅಂದರೆ ಒಣಗಿದ ಬಳ್ಳಿ ಎಲೆಗಳ, ಹೊರೆಯಿಂದ ಒಂದು ಹಿಡಿ ಕೆಳಗೆ ಬಿತ್ತು. ಸಾವ್ಕಾರ್ತಿ ಅಣ್ಣನ ಕೈ ಕೊಸರಿಕೊಂಡು ತಲೆ ತಗ್ಗಿಸಿ ಅದಕ್ಕೆ ಬಾಯಿ ಹಾಕಿತು. ಅದೇ ಗಳಿಗೆ ಸಿರಿಂಜಿಗೆ ಕಡುಗೆಂಪು ರಕ್ತ ನುಗ್ಗಿ ಬಂತು.

ಇಬ್ಬರೂ ಸಿರಿಂಜನ್ನೇ ನೋಡುತ್ತ ನಿಂತೆವು. ಮತ್ತೆ ಗದ್ದ ಎತ್ತಿಸಿದೆ, ರಕ್ತ ನಿಂತಿತು. ಬಿಡಿಸಿದೆ, ಬಂತು. ತಲೆ ಮೇಲೆತ್ತಿದಾಗ ಕುತ್ತಿಗೆ ಚಾಚಿ ಕೊಳವೆಯ ತುದಿ ಮೇಲಕ್ಕೆ ಸರಿದು ನಾಳದ ಗೋಡೆಗೆ ಅಂಟುತ್ತದೆ, ತಗ್ಗಿಸಿದಾಗ ಬಿಡಿಸಿಕೊಂಡು ಸರಾಗ ನಿಲ್ಲುತ್ತದೆ ಎಂದು ವೈದ್ಯರು ಆಮೇಲೆ ಬೆರಳಿನಲ್ಲಿ ತೋರಿಸಿ ವಿವರಿಸಿದರು. ಅಂದಿನಿಂದ ನಮ್ಮ ಶೆಡ್ಡಿನ ಕ್ರಮ ಬದಲಾಯಿತು. ಮೊದಲು ಹೊಟ್ಟು, ಆಮೇಲೆ ಸೂಜಿ. ಎಂಟಕ್ಕೆ ಎಂಟೂ ರಕ್ತ ಕೊಟ್ಟವು. ಅವತ್ತು ಕೊಟ್ಟೂರಿನಲ್ಲಿ ಬಸ್ ಬದಲಿಸುವಾಗ ನಾನೊಬ್ಬಳೇ ಒಂದು ತಟ್ಟೆ ಮಂಡಕ್ಕಿ, ಐದು ಮೆಣಸಿನಕಾಯಿ ಬಜ್ಜಿ ತಿಂದು ಹಬ್ಬ ಮಾಡಿದೆ.

ಮಳೆಗಾಲದಲ್ಲಿ ಹಂಪಸಾಗರದ ಕಡೆಯಿಂದ ಒಂದು ಹಿಂಡು ನಮ್ಮತ್ತ ಬಂತು. ಪಕ್ಕದ ಹೊಲದವರು ಗೊಬ್ಬರಕ್ಕೆಂದು ಆ ಕುರಿಗಳನ್ನು ತಮ್ಮ ಹೊಲದಲ್ಲಿ ತರುಬಿಸಿಕೊಂಡರು. ರಾತ್ರಿ ಹಿಂಡು ಹೊಲದಲ್ಲೇ ಮಲಗಿದರೆ ಅದರ ಹಿಕ್ಕೆ, ಉಚ್ಚೆಯೇ ಗೊಬ್ಬರ. ಇದು ಇಲ್ಲಿಯ ಹಳೆಯ ಪದ್ಧತಿ. ಮರುದಿನ ಅಣ್ಣ ಫೋನ್ ಮಾಡಿ ಟಗರು ಹಾರೈತ್ರಿ ಎಂದರು. ಪಕ್ಕದ ಹಿಂಡಿನ ಟಗರು ನಮ್ಮ ಬೇಲಿ ಹಾರಿದೆ ಎಂದು ತಿಳಿದು, ಯಾವುದಕ್ಕಾದರೂ ಪೆಟ್ಟಾಗಿದೆಯೇ, ಹೊಲಿಗೆ ಬಿಚ್ಚಿದೆಯೇ ಎಂದು ವಿಚಾರಿಸಿದೆ. ಅಂಥದ್ದೇನಿಲ್ಲ ಎಂದರು. ಹಾಗಾದರೆ ಬೇಲಿಯನ್ನು ಎರಡು ಅಡಿ ಎತ್ತರಿಸಿ ಎಂದೆ. ಈಗ ಎತ್ತರಿಸಿ ಏನು ಬಂತು ಎಂದು ಅವರು ನಕ್ಕರು. ನಾನೂ ನಕ್ಕೆ, ಯಾಕೆಂದು ತಿಳಿಯದೆ.

ದಿನಗಳು ಸಲೀಸಾಗಿ ಸಾಗಿದವು. ಎಲ್ಲ ಪೋರ್ಟೂ ತೆರೆದೇ ಇದ್ದವು, ಪರೀಕ್ಷೆಯ ಅವಧಿ ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು, ನಾನು ಮೊದಲ ತುತ್ತು ಮುರಿದಿದ್ದೆ, ಫೋನ್ ಬಂತು.

"ಮೇಡಮ್ಮಾರ, ಐದನೇದು ಕಟ್ಟೈತ್ರಿ."

ತುತ್ತನ್ನು ತಟ್ಟೆಗೇ ಹಾಕಿದೆ. ಖಾತ್ರಿಯೇ ಎಂದು ಕೇಳಿದೆ. ಖಾತ್ರಿ ಎಂದರು, ಅದೂ ಹರ್ಷದ ದನಿಯಲ್ಲಿ. ಕೆಟ್ಟ ಸುದ್ದಿಯನ್ನು ಇಷ್ಟು ಸಂತೋಷದಿಂದ ಹೇಳುವ ಈ ಮನುಷ್ಯನಿಗೆ ಏನಾಗಿದೆ ಎಂದು ಸಿಟ್ಟೂ ಬಂತು. ಹೆಪ್ಪು ಕರಗಿಸುವ ಔಷಧಿ ನಮ್ಮ ಮನೆಯ ಫ್ರಿಜ್ಜಿನಲ್ಲಿತ್ತು. ಅದನ್ನು ಐಸ್ ಡಬ್ಬಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದೆ. ದಾರಿಯಲ್ಲೇ ವೈದ್ಯರಿಗೆ ತಿಳಿಸಿದೆ. ಇಂಜಿನಿಯರ್ ಅವತ್ತು ದಾವಣಗೆರೆಗೆ ಬಂದಿದ್ದರು, ಅವರು ಕಾರು ತಿರುಗಿಸಿಕೊಂಡು ಹೊರಟರು. ಕೊಟ್ಟೂರಿನಲ್ಲಿ ಕೂಡ್ಲಿಗಿ ಬಸ್ ಸಿಗದೆ ಒಂದು ಗೂಡ್ಸ್ ಆಟೋದಲ್ಲಿ ಈರುಳ್ಳಿ ಚೀಲಗಳ ನಡುವೆ ಕೂತು ಹೋದೆ. ಐಸ್ ಡಬ್ಬಿಯನ್ನು ಮಗುವಿನಂತೆ ತಬ್ಬಿಕೊಂಡಿದ್ದೆ.

ಶೆಡ್ಡಿನ ಮುಂದೆ ಅಣ್ಣ ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು ನಿಂತಿದ್ದರು. ನಾನು ಇಳಿದೆ. ಹಿಂದೆಯೇ ಕಾರು ಬಂತು, ಅದರ ಹಿಂದೆ ವೈದ್ಯರ ಬೈಕು. ಒಂದು ಕುರಿಗಾಗಿ ಇಷ್ಟು ಮಂದಿ ಎದ್ದುಬಿದ್ದು ಬಂದದ್ದನ್ನು ನೋಡಿ ಅಣ್ಣನಿಗೆ ಒಂದು ಕಡೆ ಹೆಮ್ಮೆ, ಒಂದು ಕಡೆ ಗಾಬರಿ. ನೇರ ಒಳಗೆ ಹೋದೆವು. ನಾನು ಕೈಗವಸು ಹಾಕಿ, ಚರ್ಮ ಒರೆಸಿ, ಹೊಟ್ಟು ಹಾಕಿಸಿ ಸೂಜಿ ಇಳಿಸಿದೆ. ಉಪ್ಪುನೀರು ಬೆಣ್ಣೆಯಂತೆ ಹೋಯಿತು. ಎಳೆದೆ, ರಕ್ತ ಬಂತು.

ಬ್ಲಾಕ್ ಆಗಿಲ್ಲವಲ್ಲ ಎಂದು ಇಂಜಿನಿಯರ್ ನನ್ನ ಮುಖ ನೋಡಿದರು. ನಾನು ಅಣ್ಣನ ಮುಖ ನೋಡಿದೆ.

"ಬ್ಲಾಕ್ ಅಂತ ಯಾರಂದ್ರು?" ಎಂದರು ಅಣ್ಣ. "ಗಬ್ಬ ಕಟ್ಟೈತಿ ಅಂದ್ನಿ ನಾನು. ಆವತ್ತ ಟಗರು ಹಾರೈತಿ ಅಂತ ಹೇಳಿದ್ದಿಲ್ಲೇನು?"

ವೈದ್ಯರು ಮೊದಲು ಕೆಮ್ಮಿದರು, ಆಮೇಲೆ ಹೊಟ್ಟಿನ ರಾಶಿಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಹಾರುವುದು ಎಂದರೆ ಬೇಲಿ ಹಾರುವುದಷ್ಟೇ ಅಲ್ಲ, ಟಗರು ಕುರಿಯ ಮೇಲೇರುವುದೂ ಹೌದು ಎಂದು ನನಗೆ ಆಗ ಹೊಳೆಯಿತು. ಕುರಿಗಾರರಿಗೆ ಕುರಿ ಕಟ್ಟುವುದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ಟಗರೇ ಇಲ್ಲದ ಶೆಡ್ಡಿನಲ್ಲಿ ಯಾವುದು ಕಟ್ಟಿದರೂ ಫೋನ್ ಮಾಡಿ ಎಂದು ಮೇಡಮ್ಮಾರು ಯಾಕೆ ಹೇಳಿದರು ಎಂದು ಅಣ್ಣ ಮೊದಲ ದಿನದಿಂದಲೂ ತಲೆ ಕೆಡಿಸಿಕೊಂಡಿದ್ದರಂತೆ. ನಾನು ಅವರಿಗೆ ಹೆಪ್ಪುಗಟ್ಟುವ ಬಗ್ಗೆ ಅರ್ಧ ಗಂಟೆ ಪಾಠ ಮಾಡಿದ್ದೆ, ಆದರೆ ಕೊನೆಯಲ್ಲಿ ಬಾಯಿಂದ ಬಂದದ್ದು ಆ ಒಂದು ಮಾತು. ಅವರು ಕಿಂಚಿತ್ತೂ ತಪ್ಪದೆ ನಡೆಸಿಕೊಟ್ಟಿದ್ದರು.

ವೈದ್ಯರು ಬೈಕಿನಿಂದ ಸ್ಕ್ಯಾನಿಂಗ್ ಯಂತ್ರ ತಂದು ಸಾವ್ಕಾರ್ತಿಯ ಹೊಟ್ಟೆಗೆ ಹಿಡಿದರು. ಬೂದು ತೆರೆಯ ಮೇಲೆ ಕಡಲೆಯಷ್ಟು ಏನೋ ಪಟಪಟನೆ ಬಡಿದುಕೊಳ್ಳುತ್ತಿತ್ತು. ನಾವು ನಾಲ್ವರೂ ಬಗ್ಗಿ ನೋಡಿದೆವು. ಉಳಿದ ಏಳನ್ನೂ ಪರೀಕ್ಷಿಸಿದೆವು, ಅವೆಲ್ಲ ಬರಿದಾಗಿದ್ದವು.

ನಗು ಇಳಿದ ಮೇಲೆ ನಿಜವಾದ ಪ್ರಶ್ನೆ ಎದ್ದಿತು. ಗರ್ಭ ನಿಂತಾಗ ರಕ್ತ ಹೆಪ್ಪುಗಟ್ಟುವ ಸ್ವಭಾವವೇ ಬದಲಾಗುತ್ತದೆ, ಹಾಗಾಗಿ ಇದರ ಫಲಿತಾಂಶವನ್ನು ಬೇರೆಯವುಗಳ ಜೊತೆ ಸೇರಿಸುವಂತಿಲ್ಲ. ಇದನ್ನು ಲೆಕ್ಕದಿಂದ ಬಿಟ್ಟು, ಕೊನೆಗೆ ಉಳಿದವುಗಳ ಜೊತೆಯಲ್ಲೇ ಮುಗಿಸಿದರಾಯಿತು ಎಂದರು ಇಂಜಿನಿಯರ್. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಕ್ರಮ ಇದ್ದದ್ದೇ ಹಾಗೆ. ಅಣ್ಣ ಸಾವ್ಕಾರ್ತಿಯ ಬೆನ್ನಿನ ಮೇಲಿಟ್ಟ ಕೈ ತೆಗೆಯಲಿಲ್ಲ.

"ಉಳಿದ ಏಳಕ್ಕ ನಾನ ಹಿಡಿತೀನ್ರಿ, ಒಪ್ಪಿಕೊಂಡೀನಿ. ಗಬ್ಬದ ಕುರಿ ಕಡಿಯಾಕ ನಾನು ಹಿಡಿಯಂಗಿಲ್ಲ. ನಮ್ಮ ಮನ್ಯಾಗ ಯಾರೂ ಹಿಡಿದಿಲ್ಲ."

ದನಿ ಏರಿಸಲಿಲ್ಲ, ಬೇಡಿಕೊಳ್ಳಲೂ ಇಲ್ಲ.  ನನಗೆ ಅವತ್ತು ಹಿಂದಿರುಗುವ ಬಸ್ಸಿನಲ್ಲಿ ಮಂಡಕ್ಕಿಯೂ ರುಚಿಸಲಿಲ್ಲ. ಸಾವ್ಕಾರ್ತಿ ಸಾಯುವುದು ನನಗೂ ಬೇಡವಾಗಿತ್ತು, ಇದನ್ನು ಸುತ್ತಿ ಬಳಸಿ ಹೇಳುವುದಿಲ್ಲ. ಆದರೆ ಬೇಡ ಎಂದು ಸಮಿತಿಗೆ ಬರೆಯಲಾಗುವುದಿಲ್ಲ, ಯಾಕೆ ಎಂದು ಬರೆಯಬೇಕು. ಆ ಯಾಕೆ ಹೊಳೆದದ್ದು ಹರಪನಹಳ್ಳಿ ಮುಟ್ಟುವ ಹೊತ್ತಿಗೆ. ಪೋರ್ಟ್ ಹಾಕಿಸಿಕೊಂಡ ರೋಗಿ ಗುಣವಾದರೆ ಏನು ಮಾಡುತ್ತಾರೆ? ತೆಗೆಯುತ್ತಾರೆ. ನಾವು ಇಷ್ಟು ದಿನ ಪೋರ್ಟ್ ಕೂರುತ್ತದೆಯೇ, ತೆರೆದಿರುತ್ತದೆಯೇ ಎಂದಷ್ಟೇ ನೋಡಿದ್ದೆವು. ಬದುಕಿರುವ ಜೀವದಿಂದ ಅದು ಸರಿಯಾಗಿ ಹೊರಬರುತ್ತದೆಯೇ ಎಂದು ಯಾರೂ ನೋಡಿರಲಿಲ್ಲ.

ಮರುದಿನ ಈ ಮಾತೆತ್ತಿದಾಗ ಇಂಜಿನಿಯರ್ ಒಪ್ಪಲಿಲ್ಲ. ಯಾರೂ ಕೇಳದ ಪ್ರಶ್ನೆಯನ್ನು ನಾವೇ ಮೈಮೇಲೆ ಎಳೆದುಕೊಳ್ಳುವುದೇಕೆ ಎಂಬುದು ಅವರ ವಾದ. ಕೊಳವೆ ನಾಳದೊಳಗೆ ಅಂಟಿಕೊಂಡಿದ್ದು, ಎಳೆಯುವಾಗ ತುಂಡಾದರೆ ಆ ತುಂಡು ನೇರ ಹೃದಯಕ್ಕೆ. ಕುರಿಯೂ ಹೋಗುತ್ತದೆ, ಅವರ ಎಷ್ಟೋ ವರ್ಷದ ಪೋರ್ಟೂ ಹೋಗುತ್ತದೆ. ಅದು ಸುಳ್ಳು ಭಯವೇನಲ್ಲ. ತುಂಡಾಗುವುದಿದ್ದರೆ ಮನುಷ್ಯರಲ್ಲಿ ಆಗುವ ಮೊದಲು ನಮಗೆ ಗೊತ್ತಾಗಲಿ ಸರ್ ಎಂದೆ. ಕೊನೆಗೆ ಅವರು, ಬರೆಯಿರಿ ಎಂದರು. ಟಗರು ನುಗ್ಗಿದ್ದನ್ನೂ, ಅರ್ಥವಾಗದೆ ನಾನು ಬೇಲಿ ಎತ್ತರಿಸಲು ಹೇಳಿದ್ದನ್ನೂ ಮುಚ್ಚಿಡದೆ ಬರೆದೆ. ಸಮಿತಿ ಒಪ್ಪಿತು. ಪೋರ್ಟ್ ತೆಗೆದ ಮೇಲೆ ಕುರಿ ಆರೋಗ್ಯವಾಗಿದ್ದರೆ ಸಾಕಿಕೊಳ್ಳಲು ಕೊಡಬಹುದು ಎಂದೂ ಹೇಳಿತು.

ಗಬ್ಬದ ಕುರಿಗೆ ಪೂರ್ತಿ ಅರಿವಳಿಕೆ ಬೇಡ, ಮನುಷ್ಯರಿಗೆ ಮಾಡುವಂತೆ ಆ ಜಾಗವನ್ನಷ್ಟೇ ಮರಗಟ್ಟಿಸಿ ತೆಗೆಯೋಣ ಎಂದರು ವೈದ್ಯರು. ಸಾವ್ಕಾರ್ತಿಯನ್ನು ಕಟ್ಟಿಗೆಯ ಚೌಕಟ್ಟಿನಲ್ಲಿ ನಿಲ್ಲಿಸಿದೆವು. ಅಣ್ಣ ತಲೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು, ಕುತ್ತಿಗೆ ಚೆನ್ನಾಗಿ ಕಾಣಬೇಕಲ್ಲ. ಹಳೆಯ ಗಾಯದ ಗೆರೆಯ ಮೇಲೆಯೇ ವೈದ್ಯರು ಕೊಯ್ದರು. ಪೋರ್ಟಿನ ಸುತ್ತ ದೇಹವೇ ಹೆಣೆದ ಬಿಳಿಯ ತೆಳು ಚೀಲವಿತ್ತು. ಅದನ್ನು ಬಿಡಿಸಿ ಡಬ್ಬಿಯನ್ನು ಹೊರತೆಗೆದು, ಕೊಳವೆಯನ್ನು ಮೆಲ್ಲಗೆ ಎಳೆಯತೊಡಗಿದರು. ಒಂದು ಗೇಣಿನಷ್ಟು ಬಂತು. ಆಮೇಲೆ ನಿಂತಿತು.

ತುಸು ಎಳೆದರು. ಕೊಳವೆ ರಬ್ಬರಿನಂತೆ ಉದ್ದವಾಯಿತೇ ಹೊರತು ಬರಲಿಲ್ಲ. ವೈದ್ಯರು ಕೈ ಸಡಿಲಿಸಿದರು. ಇನ್ನು ಎಳೆದರೆ ನನ್ನ ಜವಾಬ್ದಾರಿ ಅಲ್ಲ ನೋಡವ್ವ ಎಂದರು, ಅವರ ದನಿಯಲ್ಲಿ ತಮಾಷೆ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಇಂಜಿನಿಯರ್ ಹೊರಗೆ ನೋಡತೊಡಗಿದರು.  ಅಣ್ಣನ ಕೈಗಳನ್ನು ನೋಡಿದೆ. ಅವು ಸಾವ್ಕಾರ್ತಿಯ ಗದ್ದವನ್ನು ನಾವು ಹೇಳಿದಂತೆಯೇ ಎತ್ತಿ ಹಿಡಿದಿದ್ದವು.

"ಅಣ್ಣ, ತಲೆ ಬಿಡ್ರಿ. ಹೊಟ್ಟು ಹಾಕ್ರಿ."

ವೈದ್ಯರು ನನ್ನತ್ತ ನೋಡಿ, ಅರ್ಥವಾಗಿ, ಕೊಳವೆ ಹಿಡಿದುಕೊಂಡೇ ಮಂಡಿಯೂರಿದರು. ಅಣ್ಣ ಬುಟ್ಟಿಯನ್ನು ಕಾಲಲ್ಲಿ ಸರಿಸಿದರು. ಬೆಳಗಿನಿಂದ ಉಪವಾಸವಿದ್ದ ಸಾವ್ಕಾರ್ತಿ, ಕುತ್ತಿಗೆ ಕೊಯ್ದಿದ್ದಾರೆ ಎಂಬ ಪರಿವೆಯೇ ಇಲ್ಲದೆ ತಲೆ ತಗ್ಗಿಸಿ ಒಳ್ಳೆಯ ಎಲೆ ಆರಿಸತೊಡಗಿತು. ಕೊಳವೆ ಸರ್ರನೆ ಜಾರಿ ಬಂತು. ನಾನು ಗಾಯವನ್ನು ಒತ್ತಿ ಹಿಡಿದೆ, ಇಂಜಿನಿಯರ್ ಓಡಿ ಬಂದು ಕೊಳವೆಯನ್ನು ಅಳತೆಪಟ್ಟಿಯ ಪಕ್ಕ ಇಟ್ಟರು. ಹಾಕಿದಾಗ ಎಷ್ಟಿತ್ತೋ ಅಷ್ಟೇ ಇತ್ತು, ತುದಿ ಅಚ್ಚುಕಟ್ಟಾಗಿತ್ತು. ಅವರು ಅದನ್ನು ಎರಡನೇ ಸಲ ಅಳೆದರು, ಮೂರನೇ ಸಲ ಅಳೆದರು. ಇನ್ನೆಷ್ಟು ಸಲ ಅಳೀತಿರಪಾ, ಬೆಳಿಯಂಗಿಲ್ಲ ಅದು ಎಂದರು ವೈದ್ಯರು.

ಉಳಿದ ಏಳರ ದಿನವೂ ಬಂತು. ಇಷ್ಟು ನಗಿಸಿದ ಕೆಲಸದಲ್ಲಿ ಅದೊಂದು ದಿನ ನಗು ಇರಲಿಲ್ಲ. ಅಣ್ಣ ಮಾತಿನಂತೆ ಪ್ರತಿಯೊಂದನ್ನೂ ತಾವೇ ಹಿಡಿದರು, ಪ್ರತಿಯೊಂದಕ್ಕೂ ಮೊದಲು ಒಂದು ಹಿಡಿ ಹೊಟ್ಟು ತಿನ್ನಿಸಿದರು. ನಾಳಗಳು ಸ್ವಚ್ಛವಾಗಿದ್ದವು, ಒಂದರ ತುದಿಯಲ್ಲಿ ಮಾತ್ರ ಸಣ್ಣ ಹೆಪ್ಪಿತ್ತು. ಅದನ್ನೂ ಇದ್ದಂತೆ ಬರೆದೆ. ಆಮೇಲೆ ಶೆಡ್ಡಿನ ಹಿಂದೆ ಹೋಗಿ ಅತ್ತೆ. ಅಳು ಬಂದದ್ದಕ್ಕೆ ನನಗೆ ನಾಚಿಕೆಯಾಗಲಿಲ್ಲ.

ಈಗ ಆ ಪೋರ್ಟಿನ ಜೊತೆ ವೈದ್ಯರಿಗೆ ಕೊಡುವ ಸೂಚನೆಗಳಲ್ಲಿ ಒಂದು ಸಾಲು ಇದೆ. ತೆಗೆಯುವಾಗ ಕೊಳವೆ ತಡೆದರೆ ಎಳೆಯಬೇಡಿ, ರೋಗಿಯ ಕುತ್ತಿಗೆಯ ಭಂಗಿ ಬದಲಿಸಿ ನೋಡಿ ಎಂದು. ಹೊಟ್ಟು ಹಾಕಿ ಎಂದು ಬರೆದಿಲ್ಲ, ಅಷ್ಟೇ. ಇಂಜಿನಿಯರ್ ಅದನ್ನು ಸಾವ್ಕಾರ್ತಿ ಸಾಲು ಎನ್ನುತ್ತಾರೆ.

ಸಾವ್ಕಾರ್ತಿ ಅಣ್ಣನ ಹಿಂಡು ಸೇರಿ, ಅಲ್ಲೇ ಈದು, ಕರಿಯ ಹೆಣ್ಣು ಮರಿಯನ್ನು ಕೊಟ್ಟಿತು. ಮುಂದಿನ ವರ್ಷ ಇನ್ನೊಂದು ಪರೀಕ್ಷೆಗೆ ಜಾಗ ನೋಡಲು ಇಂಜಿನಿಯರ್ ಬಂದಿದ್ದರು. ಇಬ್ಬರೂ ಕೊಟ್ಟೂರಿನಲ್ಲಿ ಮೆಣಸಿನಕಾಯಿ ತಿನ್ನುತ್ತಿದ್ದೆವು. ಅಷ್ಟರಲ್ಲಿ ಅಣ್ಣನ ಫೋನ್ ಬಂತು, ಕೈ ಎಣ್ಣೆಯಾಗಿದ್ದರಿಂದ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ.

"ಮೇಡಮ್ಮಾರ, ಐದನೇದು ಮತ್ತ ಕಟ್ಟೈತ್ರಿ."

ಇಂಜಿನಿಯರರ ಕೈಯ ಮೆಣಸಿನಕಾಯಿ ಬಾಯಿಯ ಹತ್ತಿರವೇ ನಿಂತಿತು. ಒಂದು ಗಳಿಗೆ ಬೇಕಾಯಿತು ಅವರಿಗೆ, ಆಮೇಲೆ ನಕ್ಕರು. ನಾನು ಅಣ್ಣನಿಗೆ ಬಹಳ ಸಂತೋಷ ಎಂದು ಹೇಳಿ, ಇದನ್ನು ತಿಳಿಸಲೆಂದೇ ಫೋನ್ ಮಾಡಿದಿರಾ ಎಂದು ಕೇಳಿದೆ.

"ಯಾವುದು ಕಟ್ಟಿದ್ರೂ ಮಾಡ್ರಿ ಅಂದಿದ್ರಲ್ರಿ," ಎಂದರು ಅಣ್ಣ. "ಬ್ಯಾಡ ಅಂತ ಇನ್ನೂ ಹೇಳಿಲ್ಲ ನೀವು."

ನಾನು ಇವತ್ತಿಗೂ ಹೇಳಿಲ್ಲ.